ಏಳು ತಂತಿಯ ನಾದ: ಕಾಲ, ಶ್ರುತಿ, ರಸ

ಮೈಸೂರು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಪಿರಿಯಾಪಟ್ಟಣ ತಾಲ್ಲೂಕಿಗೆ ಸೇರಿದ ಕೊಪ್ಪ ಎಂಬ ಊರಿದೆ. ಕಾವೇರಿಯ ಸೇತುವೆಯನ್ನು ದಾಟಿದರೆ ಆಚೆಗೆ ಕೊಡಗಿನ ಕುಶಾಲನಗರ. ಈಚೆಗೆ ಬೈಲುಕುಪ್ಪೆಯ ಟಿಬೆಟ್ಟಿನವರ ನೆಲೆ. ಅಲ್ಲಿ ೧೯೬೩ರಲ್ಲಿ ಸ್ಥಾಪಿತವಾದ ನಾಮ್‌ಡ್ರೋಲಿಂಗ್ ಮಠದಲ್ಲಿ ಪೂಜೆಯ ಹೊತ್ತಿಗೆ ಆಳೆತ್ತರವನ್ನೂ ಮೀರಿದ ಉದ್ದನೆಯ ಕಹಳೆಗಳನ್ನು ಊದುತ್ತಾರೆ. ಆ ಧ್ವನಿ ಬಲು ತಗ್ಗಿನದು, ಬಲು ನಿಧಾನವಾದದ್ದು. ಕೇಳಿದವನ ಮಾತು ತಾನಾಗಿಯೇ ನಿಲ್ಲುತ್ತದೆ. ಅದೇ ಊರಿನ ಮದುವೆಯ ಮನೆಯಲ್ಲಿ ಧಾರೆಯ ಮುಹೂರ್ತಕ್ಕೆ ಓಲಗ ಮೊಳಗಿದಾಗ ಸ್ವರ ಮೇಲಕ್ಕೇರುತ್ತದೆ, ಡೋಲಿನ ನಡೆ ಚುರುಕಾಗುತ್ತದೆ. ಕೇಳುವವರ ಮುಖಗಳು ಅರಳುತ್ತವೆ. ಹಿಂದೆ ಈ ಸೀಮೆಯಲ್ಲಿ ಮೂರನೆಯದೊಂದು ಧ್ವನಿಯೂ ಇತ್ತು: ಬೆಳಗಿನ ಜಾವದಲ್ಲಿ ರಾಗಿ ಬೀಸುತ್ತ ಹೆಂಗಸರು ಹಾಡುತ್ತಿದ್ದ ಪದ. ಅದು ಕಹಳೆಯಷ್ಟು ಮಂದವಲ್ಲ, ಓಲಗದಷ್ಟು ವೇಗವೂ ಅಲ್ಲ. ಬೀಸುವ ಕಲ್ಲಿನ ಒಂದು ಸುತ್ತು ಎಷ್ಟು ಹೊತ್ತೋ ಆ ಹಾಡಿನ ನಡೆಯೂ ಅಷ್ಟೇ ಹೊತ್ತು.

ಈ ಮೂರು ಧ್ವನಿಗಳು ನಮ್ಮ ಮನಸ್ಸನ್ನು ಮೂರು ಬಗೆಯಾಗಿ ಏಕೆ ಮಾಡುತ್ತವೆ? ಸ್ವರಗಳ ಏರುತಗ್ಗಿನಿಂದಲೋ, ನಡೆಯ ವೇಗದಿಂದಲೋ, ಸ್ವರಗಳು ಒಂದಕ್ಕೊಂದು ಇಟ್ಟುಕೊಂಡಿರುವ ಅಂತರದಿಂದಲೋ? ಇದು ಸಂಗೀತಗಾರನ ಪ್ರಶ್ನೆಯಷ್ಟೇ ಅಲ್ಲ, ಭೌತವಿಜ್ಞಾನದ ಪ್ರಶ್ನೆಯೂ ಹೌದು, ಮನೋವಿಜ್ಞಾನದ ಪ್ರಶ್ನೆಯೂ ಹೌದು. ಇದನ್ನು ಬಿಡಿಸಿ ನೋಡಲು ಏಳು ತಂತಿಗಳ ಎರಡು ವಾದ್ಯಗಳನ್ನು ಆರಿಸಿಕೊಳ್ಳೋಣ. ಒಂದು ನಮ್ಮ ಕಾವೇರಿಯ ದಡದ್ದು. ಇನ್ನೊಂದು ಮೂರು ನೂರು ವರ್ಷಗಳ ಹಿಂದಿನ ಫ್ರಾನ್ಸ್ ದೇಶದ್ದು.

ಎರಡು ವಾದ್ಯಗಳು

ಕೊಪ್ಪವನ್ನು ಬಿಟ್ಟ ಕಾವೇರಿ ಕೃಷ್ಣರಾಜನಗರದ ಬಳಿ ಚುಂಚನಕಟ್ಟೆಯಲ್ಲಿ ಧುಮುಕಿ, ಹುಣಸೂರಿನ ಕಡೆಯಿಂದ ಬರುವ ಲಕ್ಷ್ಮಣತೀರ್ಥವನ್ನು ಕೃಷ್ಣರಾಜಸಾಗರದಲ್ಲಿ ಕೂಡಿಕೊಂಡು, ಮುಂದೆ ತಿರುಮಕೂಡಲಿನಲ್ಲಿ ಹೆಗ್ಗಡದೇವನಕೋಟೆಯ ಮೇಲೆ ಹಾದುಬಂದ ಕಪಿಲೆಯೊಡನೆ ಸಂಗಮಿಸುತ್ತದೆ. ಆ ಸಂಗಮದ ಊರಿನಲ್ಲಿ ೧೮೯೫ರಲ್ಲಿ ಹುಟ್ಟಿದವರು ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರು. ಮೈಸೂರಿನ ಬಿಡಾರಂ ಕೃಷ್ಣಪ್ಪನವರಲ್ಲಿ ಅವರ ಶಿಷ್ಯವೃತ್ತಿ ನಡೆಯಿತು. ಆಗ ಧ್ವನಿವರ್ಧಕಗಳಿಲ್ಲ; ದೊಡ್ಡ ಸಭೆಯ ಹಿಂದಿನ ಸಾಲಿಗೆ ಪಿಟೀಲಿನ ಸಣ್ಣ ಧ್ವನಿ ಮುಟ್ಟುತ್ತಿರಲಿಲ್ಲ. ಚೌಡಯ್ಯನವರು ನಾಲ್ಕು ತಂತಿಗಳ ಪಿಟೀಲಿಗೆ ಇನ್ನೂ ಮೂರನ್ನು ಕೂಡಿಸಿ ಏಳು ತಂತಿಗಳ ಪಿಟೀಲನ್ನು ಮಾಡಿಕೊಂಡರು. ನಾದಕ್ಕೆ ತುಂಬು ಬಂದಿತು, ಗಾಂಭೀರ್ಯ ಬಂದಿತು. ೧೯೫೭ರಲ್ಲಿ ಮದರಾಸಿನ ಸಂಗೀತ ವಿದ್ವತ್ಸಭೆಯು ಅವರಿಗೆ ಸಂಗೀತ ಕಲಾನಿಧಿ ಬಿರುದನ್ನಿತ್ತಿತು. ೧೯೬೭ರಲ್ಲಿ ಅವರು ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಸ್ಮಾರಕವಾಗಿ ನಿಂತಿರುವ ಸಭಾಭವನವು ಪಿಟೀಲಿನ ಆಕಾರದಲ್ಲಿಯೇ ಇದೆ.

ಎರಡನೆಯ ವಾದ್ಯದ ಹೆಸರು ವಿಯೋಲ ದ ಗಾಂಬ. ‘ಗಾಂಬ’ ಎಂದರೆ ಇಟಲಿಯ ಭಾಷೆಯಲ್ಲಿ ಕಾಲು. ಕುಳಿತು ಎರಡು ಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವುದರಿಂದ ಈ ಹೆಸರು. ನಮ್ಮ ಓದುಗರಿಗೆ ಇದನ್ನು ಸುಲಭವಾಗಿ ಹೇಳುವುದಾದರೆ, ಇದು ಪಿಟೀಲು ಮತ್ತು ವೀಣೆಗಳ ನಡುವಣ ವಾದ್ಯ. ಪಿಟೀಲಿನಂತೆ ಇದನ್ನು ಕಮಾನಿನಿಂದ ನುಡಿಸಬೇಕು. ವೀಣೆಯಂತೆ ಇದಕ್ಕೆ ಮೆಟ್ಟಿಲುಗಳುಂಟು. ಆದರೆ ಅವು ಹಿತ್ತಾಳೆಯವಲ್ಲ, ಕುತ್ತಿಗೆಗೆ ಸುತ್ತಿ ಕಟ್ಟಿದ ಕರುಳಿನ ದಾರಗಳು. ಮೊದಲು ಇದಕ್ಕೆ ಆರು ತಂತಿಗಳಿದ್ದುವು. ಫ್ರಾನ್ಸಿನಲ್ಲಿ ಏಳನೆಯ ತಂತಿಯನ್ನು, ಎಲ್ಲಕ್ಕಿಂತ ತಗ್ಗಿನದನ್ನು, ಕೂಡಿಸಿದವನು ಸೇಂತ್ ಕೊಲೊಂಬ್ ಎಂಬ ವಾದಕನೆಂದು ೧೬೮೭ರಲ್ಲಿ ಝಾನ್ ರೂಸೋ ಎಂಬಾತ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಸೇಂತ್ ಕೊಲೊಂಬನ ಶಿಷ್ಯ ಮಾರೆ (ಮರಾಂ ಮಾರೆ, ೧೬೫೬–೧೭೨೮) ಹದಿನಾಲ್ಕನೆಯ ಲೂಯಿ ದೊರೆಯ ಆಸ್ಥಾನದ ವಾದಕನಾಗಿದ್ದು, ಈ ವಾದ್ಯಕ್ಕಾಗಿ ಸುಮಾರು ಆರುನೂರು ಕೃತಿಗಳನ್ನು ರಚಿಸಿ ಐದು ಸಂಪುಟಗಳಲ್ಲಿ ಪ್ರಕಟಿಸಿದನು. ೧೭೦೧ರ ಎರಡನೆಯ ಸಂಪುಟದಲ್ಲಿ ತನ್ನ ಗುರುವಿನ ನೆನಪಿಗೆಂದು ಬರೆದ ಒಂದು ಶೋಕಕೃತಿ ಇದೆ. ಅದರ ನಡೆ ವಿಳಂಬ, ಶ್ರುತಿಮೇಳ ‘ಇ ಮೈನರ್’, ರಸ ಕರುಣ. ಈ ಮೂರಕ್ಕೂ ಇರುವ ನಂಟು ಏನೆಂಬುದೇ ನಮ್ಮ ವಿಚಾರ.

ತಗ್ಗಿನ ತಂತಿಗೆ ಬಿಡುವು ಬೇಕು

ತಂತಿಯ ಕಂಪನಕ್ಕೆ ಮೂರು ನಿಯಮಗಳುಂಟು. ತಂತಿ ಉದ್ದವಾದಷ್ಟೂ ಸ್ವರ ತಗ್ಗುತ್ತದೆ. ಬಿಗಿ ಹೆಚ್ಚಿದಷ್ಟೂ ಏರುತ್ತದೆ. ತೂಕ ಹೆಚ್ಚಿದಷ್ಟೂ ಮತ್ತೆ ತಗ್ಗುತ್ತದೆ. ಉದ್ದವನ್ನೂ ಬಿಗಿಯನ್ನೂ ಬದಲಿಸದೆ ಸ್ವರವನ್ನು ಒಂದು ಸ್ಥಾಯಿ ಕೆಳಗಿಳಿಸಬೇಕಾದರೆ ತಂತಿಯ ತೂಕವನ್ನು ನಾಲ್ಕು ಪಟ್ಟು ಮಾಡಬೇಕು. ಕರುಳಿನ ತಂತಿಯನ್ನು ಅಷ್ಟು ದಪ್ಪಮಾಡಿದರೆ ಅದು ಕೋಲಿನಂತೆ ಸೆಟೆದುಕೊಂಡು ನಾದ ಹೊರಡುವುದಿಲ್ಲ. ಸೇಂತ್ ಕೊಲೊಂಬನ ಕಾಲದಲ್ಲಿ ಇದಕ್ಕೆ ಒಂದು ಉಪಾಯ ಬಳಕೆಗೆ ಬಂದಿತು: ಕರುಳಿನ ತಂತಿಯ ಮೇಲೆ ಬೆಳ್ಳಿಯ ಸಣ್ಣ ಎಳೆಯನ್ನು ಒತ್ತಾಗಿ ಸುತ್ತುವುದು. ಬೆಳ್ಳಿಯ ಸಾಂದ್ರತೆ ಕರುಳಿನದಕ್ಕಿಂತ ಸುಮಾರು ಎಂಟು ಪಟ್ಟು ಹೆಚ್ಚು. ತೂಕ ಹೆಚ್ಚಿತು, ಬಾಗುವ ಗುಣ ಉಳಿಯಿತು. ಹೀಗೆ ಲೋಹದ ಒಂದು ಎಳೆಯು ಸಂಗೀತಕ್ಕೆ ಹೊಸದೊಂದು ಆಳವನ್ನು ತಂದುಕೊಟ್ಟಿತು.

ಆದರೆ ಈ ಆಳಕ್ಕೆ ಒಂದು ಬೆಲೆಯುಂಟು. ಕಮಾನು ತಂತಿಯನ್ನು ಹೇಗೆ ನುಡಿಸುತ್ತದೆಂಬುದನ್ನು ನೋಡಿದರೆ ಅದು ತಿಳಿಯುತ್ತದೆ. ರಾಳ ಹಚ್ಚಿದ ಕಮಾನಿನ ಕೂದಲು ತಂತಿಯನ್ನು ಹಿಡಿದು ಎಳೆಯುತ್ತದೆ. ಎಳೆತ ಮೀರಿದಾಗ ತಂತಿ ಜಾರಿಹೋಗುತ್ತದೆ. ಮತ್ತೆ ಕೂದಲು ಹಿಡಿಯುತ್ತದೆ. ಹಿಡಿಯುವುದು, ಜಾರುವುದು—ಇದು ಪ್ರತಿಯೊಂದು ಕಂಪನಕ್ಕೂ ಒಮ್ಮೆ ನಡೆಯಬೇಕು. ಈ ಚಲನೆಯನ್ನು ೧೯ನೆಯ ಶತಮಾನದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಂಡುಹಿಡಿದನು. ಅದರ ಗಣಿತವನ್ನು ವಿವರವಾಗಿ ಬೆಳೆಸಿದವರು ಮುಂದೆ ಬೆಂಗಳೂರನ್ನೇ ಮನೆಮಾಡಿಕೊಂಡ ಸಿ. ವಿ. ರಾಮನ್ನರು. ೧೯೧೮ರಲ್ಲಿ ಕಲ್ಕತ್ತೆಯಲ್ಲಿ ಅವರು ಕಮಾನಿನ ತಂತಿಗಳ ಮೇಲೆ ದೊಡ್ಡ ಪ್ರಬಂಧವೊಂದನ್ನು ಪ್ರಕಟಿಸಿದರು. ಪಿಟೀಲನ್ನು ಯಂತ್ರದಿಂದ ನುಡಿಸುವ ಸಾಧನವನ್ನೂ ಕಟ್ಟಿದರು. ಅದರಲ್ಲಿ ಕಮಾನು ಕದಲುತ್ತಿರಲಿಲ್ಲ. ಪಿಟೀಲೇ ಅದರ ಕೆಳಗೆ ಹಿಂದೆ ಮುಂದೆ ಸರಿಯುತ್ತಿತ್ತು! ಕಮಾನಿನ ವೇಗ ಹೆಚ್ಚಿದರೂ, ಅದು ಕುದುರೆಯ ಬಳಿಗೆ ಸರಿದರೂ, ಸ್ವರ ಕೆಡದಿರಬೇಕಾದರೆ ಒತ್ತಡವನ್ನು ಹೆಚ್ಚಿಸಬೇಕೆಂದು ಆ ಯಂತ್ರ ತೋರಿಸಿಕೊಟ್ಟಿತು. ವಾದಕನ ಕೈ ಅನುಭವದಿಂದ ಬಲ್ಲದ್ದನ್ನು ವಿಜ್ಞಾನಿ ಅಳತೆಯಿಂದ ಬಲ್ಲವನಾದನು.

ಈಗ ಬೆಲೆಯ ಮಾತು. ಕಮಾನು ಮುಟ್ಟಿದ ಕೂಡಲೆ ತಂತಿ ಕ್ರಮವಾಗಿ ಕಂಪಿಸುವುದಿಲ್ಲ. ಹಿಡಿತ–ಜಾರಿಕೆಗಳು ಒಂದು ಲೆಕ್ಕಕ್ಕೆ ಬರಲು ಕೆಲವು ಕಂಪನಗಳು ಕಳೆಯಬೇಕು. ಹತ್ತು ಕಂಪನಗಳೆಂದು ಇಟ್ಟುಕೊಳ್ಳೋಣ. ಮಾರೆಯ ಕಾಲದ ಫ್ರೆಂಚ್ ಶ್ರುತಿ ಇಂದಿನದಕ್ಕಿಂತ ಸುಮಾರು ಒಂದು ಪೂರ್ಣಸ್ವರದಷ್ಟು ತಗ್ಗು. ಅದರಂತೆ ಗಾಂಬದ ಮೇಲಿನ ತಂತಿ ಸೆಕೆಂಡಿಗೆ ಸುಮಾರು ೨೬೧ ಸಲ ಕಂಪಿಸಿದರೆ ಏಳನೆಯ ತಂತಿ ಸುಮಾರು ೪೯ ಸಲ ಮಾತ್ರ ಕಂಪಿಸುತ್ತದೆ. ಹತ್ತು ಕಂಪನಗಳಿಗೆ ಮೇಲಿನ ತಂತಿಗೆ ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗ ಸಾಕು. ಏಳನೆಯ ತಂತಿಗೆ ನೂರರಲ್ಲಿ ಇಪ್ಪತ್ತು ಭಾಗ ಬೇಕು. ನಿಮಿಷಕ್ಕೆ ೮೦ ಪೆಟ್ಟುಗಳ ನಡೆಯಲ್ಲಿ ಪೆಟ್ಟಿಗೆ ನಾಲ್ಕು ಸ್ವರಗಳಂತೆ ನುಡಿಸಿದರೆ ಒಂದೊಂದು ಸ್ವರಕ್ಕೆ ದೊರೆಯುವುದು ಸುಮಾರು ನೂರರಲ್ಲಿ ಹತ್ತೊಂಬತ್ತು ಭಾಗ. ಎಂದರೆ ತಗ್ಗಿನ ತಂತಿ ಬಾಯಿಬಿಡುವುದರೊಳಗೆ ಅದರ ಸರದಿ ಮುಗಿದುಹೋಗಿರುತ್ತದೆ! ನಡೆಯನ್ನು ಅರ್ಧಕ್ಕೆ ಇಳಿಸಿದರೆ ಸ್ವರ ನೆಲೆನಿಂತು ಮಾತನಾಡುತ್ತದೆ. ಮಂದ್ರಕ್ಕೂ ವಿಳಂಬಕ್ಕೂ ಇರುವ ಗೆಳೆತನ ಬರಿಯ ರೂಢಿಯದಲ್ಲ. ವಸ್ತುವಿನ ಸ್ವಭಾವದಲ್ಲಿಯೇ ಅದರ ಬೇರಿದೆ.

ಶ್ರುತಿ ಮತ್ತು ಮೇಳ

ಇನ್ನು ‘ಇ ಮೈನರ್’ ಎಂಬ ಮಾತು. ಇದರಲ್ಲಿ ಎರಡು ಸಂಗತಿಗಳು ಸೇರಿಕೊಂಡಿವೆ. ‘ಇ’ ಎಂಬುದು ಷಡ್ಜವನ್ನು ಎಲ್ಲಿ ಇಡಬೇಕೆಂಬುದನ್ನು ಹೇಳುತ್ತದೆ. ‘ಮೈನರ್’ ಎಂಬುದು ಮೇಳವನ್ನು ಹೇಳುತ್ತದೆ. ಅದು ಸ್ಥೂಲವಾಗಿ ನಮ್ಮ ನಠಭೈರವಿಯ ಮೇಳ. ‘ಮೇಜರ್’ ಎಂದರೆ ಧೀರಶಂಕರಾಭರಣದ ಮೇಳ. ಇವೆರಡರ ಮುಖ್ಯ ಭೇದವಿರುವುದು ಗಾಂಧಾರದಲ್ಲಿ. ಷಡ್ಜಕ್ಕೆ ಸೆಕೆಂಡಿಗೆ ೨೪೦ ಕಂಪನಗಳಾದರೆ ಪಂಚಮಕ್ಕೆ ೩೬೦, ಅಂತರ ಗಾಂಧಾರಕ್ಕೆ ೩೦೦, ಸಾಧಾರಣ ಗಾಂಧಾರಕ್ಕೆ ೨೮೮. ಹನ್ನೆರಡು ಕಂಪನಗಳ ವ್ಯತ್ಯಾಸದಿಂದ ಪಾಶ್ಚಾತ್ಯರ ಕಿವಿಗೆ ಸಂತೋಷವು ದುಃಖವಾಗಿ ಮಾರ್ಪಡುತ್ತದೆ!

ಇದಕ್ಕೆ ಭೌತಿಕವಾದ ಒಂದು ಆಧಾರವನ್ನು ಕೊಡಬಹುದು. ತಂತಿಯು ಮೂಲಸ್ವರದೊಡನೆ ಅದರ ಎರಡು, ಮೂರು, ನಾಲ್ಕು, ಐದರಷ್ಟು ಕಂಪನಗಳ ಉಪಸ್ವರಗಳನ್ನೂ ಹೊರಡಿಸುತ್ತದೆ. ೨೪೦ರ ಐದನೆಯ ಉಪಸ್ವರ ೧೨೦೦. ಅಂತರ ಗಾಂಧಾರದ ನಾಲ್ಕನೆಯದೂ ೧೨೦೦. ಎರಡೂ ಒಂದಾಗಿ ಬೆರೆಯುತ್ತವೆ. ಸಾಧಾರಣ ಗಾಂಧಾರದ ನಾಲ್ಕನೆಯದು ೧೧೫೨. ಅದು ೧೨೦೦ರೊಡನೆ ಕೂಡದೆ ಸ್ವಲ್ಪ ಒರಸಾಡುತ್ತದೆ. ಆದರೆ ಇಷ್ಟರಿಂದಲೇ ಶೋಕ ಹುಟ್ಟುತ್ತದೆ ಎನ್ನುವಂತಿಲ್ಲ. ನಮ್ಮ ಹಿಂದೋಳದಲ್ಲಿಯೂ ಅಭೇರಿಯಲ್ಲಿಯೂ ಇರುವುದು ಸಾಧಾರಣ ಗಾಂಧಾರವೇ. ಅವನ್ನು ಯಾರೂ ಅಳುವ ರಾಗಗಳೆಂದು ಕರೆಯುವುದಿಲ್ಲ. ಕರುಣಕ್ಕೆ ಹೆಸರಾದ ನಾದನಾಮಕ್ರಿಯೆಯಲ್ಲಿರುವುದಾದರೋ ಅಂತರ ಗಾಂಧಾರ! ಸ್ವರಗಳ ಅಂತರಕ್ಕೆ ಅರ್ಥವನ್ನು ಕೊಡುವುದರಲ್ಲಿ ಕೇಳುವವರ ಸಂಸ್ಕಾರಕ್ಕೂ ದೊಡ್ಡ ಪಾಲುಂಟು.

ಷಡ್ಜದ ಸ್ಥಾನ ಬದಲಾದರೆ ರಸ ಬದಲಾಗುತ್ತದೆಯೆ? ನಮ್ಮಲ್ಲಿ ಗಾಯಕನ ಕಂಠಕ್ಕೆ ತಕ್ಕಂತೆ ಶ್ರುತಿಯನ್ನು ಏರಿಸುತ್ತೇವೆ, ಇಳಿಸುತ್ತೇವೆ. ತೋಡಿ ತೋಡಿಯಾಗಿಯೇ ಉಳಿಯುತ್ತದೆ. ಏಕೆಂದರೆ ಪಿಟೀಲು, ವೀಣೆಗಳ ತಂತಿಗಳನ್ನೆಲ್ಲ ಆ ಹೊಸ ಷಡ್ಜ–ಪಂಚಮಗಳಿಗೇ ಮತ್ತೆ ಕೂಡಿಸಿಕೊಳ್ಳುತ್ತೇವೆ. ಗಾಂಬದಲ್ಲಿ ಹಾಗಲ್ಲ. ಅಲ್ಲಿ ತಂತಿಗಳ ಶ್ರುತಿ ಕಟ್ಟಿಟ್ಟದ್ದು. ಷಡ್ಜವೇ ತಂತಿಯಿಂದ ತಂತಿಗೆ ಅಲೆಯಬೇಕು. ‘ಡಿ ಮೈನರ್’ನಲ್ಲಿ ನುಡಿಸುವಾಗ ಏಳರಲ್ಲಿ ನಾಲ್ಕು ತಂತಿಗಳು ಬೆರಳಿಡದೆಯೇ ಷಡ್ಜ ಅಥವಾ ಪಂಚಮಗಳಾಗಿರುತ್ತವೆ. ಒಂದನ್ನು ನುಡಿಸಿದರೆ ಉಳಿದುವು ಅನುರಣನದಿಂದ ತಾವಾಗಿ ಮಿಡಿಯುತ್ತವೆ. ವಾದ್ಯವೆಲ್ಲ ಗಂಟೆಯಂತೆ ಮೊಳಗುತ್ತದೆ. ‘ಇ ಮೈನರ್’ನಲ್ಲಿ ಷಡ್ಜವಾಗಿ ಬಿಡಿಯಾಗಿ ನುಡಿಯುವುದು ನಡುವಣ ಒಂದೇ ತಂತಿ, ಪಂಚಮಕ್ಕೆ ಬಿಡಿ ತಂತಿಯೇ ಇಲ್ಲ. ಮುಖ್ಯ ಸ್ವರಗಳನ್ನು ಹೆಚ್ಚಾಗಿ ಬೆರಳೊತ್ತಿಯೇ ಪಡೆಯಬೇಕು. ನಾದ ಸ್ವಲ್ಪ ಮುಸುಕು ಹೊದ್ದಂತಿರುತ್ತದೆ. ಸುಮಾರು ೧೬೯೦ರಲ್ಲಿ ಫ್ರಾನ್ಸಿನ ಶಾರ್ಪಾಂತ್ಯೆ ಎಂಬ ವಾಗ್ಗೇಯಕಾರನು ಯಾವ ಯಾವ ಶ್ರುತಿಮೇಳಕ್ಕೆ ಯಾವ ಯಾವ ಭಾವವೆಂದು ಒಂದು ಪಟ್ಟಿಯನ್ನು ಮಾಡಿದನು. ಅದರಲ್ಲಿ ‘ಡಿ ಮೈನರ್’ ಗಂಭೀರವೂ ಭಕ್ತಿಯುತವೂ ಆದದ್ದು. ‘ಇ ಮೈನರ್’ ಕೋಮಲವೂ ಪ್ರೇಮಾರ್ದ್ರವೂ ದುಃಖಭರಿತವೂ ಆದದ್ದು. ಗುರುವಿನ ನೆನಪಿಗೆ ಮಾರೆಯು ‘ಇ ಮೈನರ್’ ಅನ್ನು ಆರಿಸಿಕೊಂಡದ್ದು ಆ ಕಾಲದ ಈ ಕಲ್ಪನೆಗೆ ಒಪ್ಪುತ್ತದೆ. ಅದೇ ಶತಮಾನದ ನಡುವೆ ತಂಜಾವೂರಿನಲ್ಲಿ ವೆಂಕಟಮಖಿಯು ೭೨ ಮೇಳಗಳ ಪಟ್ಟಿಯನ್ನು ರಚಿಸುತ್ತಿದ್ದನೆಂಬುದು ನೆನಪಿಡತಕ್ಕ ಸಂಗತಿ.

ಕಾಲವನ್ನು ಅಳೆಯುವುದು ಹೇಗೆ?

ಉಳಿದದ್ದು ಕಾಲ. ಇದನ್ನು ಬರೆದಿಡುವುದು ಎಲ್ಲಕ್ಕಿಂತ ಕಷ್ಟ. ಮಾರೆಯು ತನ್ನ ಸಂಪುಟಗಳಲ್ಲಿ ಸ್ವರಗಳನ್ನಷ್ಟೇ ಅಲ್ಲ, ಕಮಾನಿನ ಏರಿಳಿತಗಳನ್ನೂ ಬೆರಳುಗಳ ಸ್ಥಾನವನ್ನೂ ಗಮಕಗಳನ್ನೂ ಎಚ್ಚರದಿಂದ ಗುರುತುಮಾಡಿದ್ದಾನೆ. ಆದರೆ ನಿಮಿಷಕ್ಕೆ ಇಷ್ಟು ಪೆಟ್ಟುಗಳೆಂದು ಬರೆದಿಲ್ಲ. ನಮ್ಮ ಸ್ವರಲಿಪಿಯೂ ಹೀಗೆಯೇ. ಇದು ಮೊದಲನೆಯ ಕಾಲ, ಇದು ಅದರ ಇಮ್ಮಡಿ, ಇದು ನಾಲ್ಮಡಿ ಎಂದು ಅಡ್ಡಗೆರೆಗಳು ತೋರಿಸುತ್ತವೆ. ಮೊದಲನೆಯ ಕಾಲವೇ ಎಷ್ಟು ನಿಧಾನವೆಂಬುದನ್ನು ಗುರುವಿನ ಕೈಯ ತಾಳವಲ್ಲದೆ ಕಾಗದ ಹೇಳುವುದಿಲ್ಲ.

ಹಿಂದಿನವರು ಇದಕ್ಕೆ ಅಳತೆಗೋಲನ್ನು ಹುಡುಕಿದ್ದು ಮನುಷ್ಯನ ಶರೀರದಲ್ಲಿ. ೧೩ನೆಯ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವನು ತನ್ನ ‘ಸಂಗೀತ ರತ್ನಾಕರ’ದಲ್ಲಿ ಐದು ಲಘು ಅಕ್ಷರಗಳನ್ನು ಉಚ್ಚರಿಸುವಷ್ಟು ಹೊತ್ತನ್ನು ಮಾತ್ರೆಯ ಅಳತೆಯಾಗಿ ಹೇಳಿದನು. ಮುಂದೆ ವಿಜಯನಗರದ ಕಲ್ಲಿನಾಥನು ವ್ಯಾಖ್ಯಾನ ಬರೆದದ್ದು ಇದೇ ಗ್ರಂಥಕ್ಕೆ. ಕ–ಚ–ಟ–ತ–ಪ ಎಂದು ಅವಸರವಿಲ್ಲದೆ ಹೇಳಿ ನೋಡಿ. ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ. ೧೭೫೨ರಲ್ಲಿ ಜರ್ಮನಿಯ ಕೊಳಲು ವಾದಕ ಕ್ವಾಂಟ್ಸ್ ತನ್ನ ಗ್ರಂಥದಲ್ಲಿ ನಾಡಿಯನ್ನು ಹಿಡಿದನು. ಆರೋಗ್ಯವಂತನ ನಾಡಿ ನಿಮಿಷಕ್ಕೆ ಸುಮಾರು ೮೦ ಸಲ ಬಡಿಯುತ್ತದೆಂದು ಇಟ್ಟುಕೊಂಡು ನಾಲ್ಕು ನಡೆಗಳನ್ನು ನಿಗದಿಮಾಡಿದನು: ಅತಿ ವೇಗದ್ದಕ್ಕೆ ನಿಮಿಷಕ್ಕೆ ೧೬೦ ಪೆಟ್ಟು, ಮುಂದಿನದಕ್ಕೆ ೮೦, ಅದರ ಮುಂದಿನದಕ್ಕೆ ೪೦, ಅತಿ ವಿಳಂಬಕ್ಕೆ ೨೦. ಪ್ರತಿಯೊಂದೂ ಇನ್ನೊಂದರ ಇಮ್ಮಡಿ. ಸರಳೆ ವರಸೆಯನ್ನು ಮೂರು ಕಾಲಗಳಲ್ಲಿ ಹಾಡಿ ಅಭ್ಯಾಸವಿರುವ ನಮ್ಮ ಮಕ್ಕಳಿಗೆ ಈ ಲೆಕ್ಕ ಹೊಸದೇನೂ ಅಲ್ಲ!

ಯಂತ್ರವನ್ನು ಯೋಚಿಸಿದವರೂ ಇದ್ದರು. ೧೬೯೬ರಲ್ಲಿ ಫ್ರಾನ್ಸಿನ ಲೂಲ್ಯೆ ಎಂಬಾತನು ಎತ್ತರದ ಕಂಬಕ್ಕೆ ದಾರದ ಲೋಲಕವನ್ನು ತೂಗಹಾಕಿ, ದಾರದ ಉದ್ದವನ್ನು ಹೆಚ್ಚು ಕಡಿಮೆ ಮಾಡಿ ನಡೆಯನ್ನು ತೋರಿಸುವ ಸಾಧನವನ್ನು ವರ್ಣಿಸಿದನು. ಇಂದು ಪ್ರಸಿದ್ಧವಾಗಿರುವ ಮೆಟ್ರೊನೋಮ್ ಯಂತ್ರಕ್ಕೆ ಮೇಲ್ಜೆಲ್ ಸನ್ನದು ಪಡೆದದ್ದು ೧೮೧೫ರಲ್ಲಿ. ಓದುಗರು ಲೂಲ್ಯೆಯ ಸಾಧನವನ್ನು ಮನೆಯಲ್ಲಿಯೇ ಮಾಡಬಹುದು. ಒಂದು ಚಿಕ್ಕ ಕಲ್ಲನ್ನು ದಾರಕ್ಕೆ ಕಟ್ಟಿ ಮೊಳೆಗೆ ತೂಗಹಾಕಿ. ಮೊಳೆಯಿಂದ ಕಲ್ಲಿನ ನಡುವಿನವರೆಗೆ ೫೬ ಸೆಂಟಿಮೀಟರ್ ಇದ್ದರೆ ಕಲ್ಲು ಒಂದು ಬದಿಯಿಂದ ಇನ್ನೊಂದು ಬದಿಗೆ ನಿಮಿಷಕ್ಕೆ ೮೦ ಸಲ ಹೋಗುತ್ತದೆ. ಇದು ಕ್ವಾಂಟ್ಸನ ನಾಡಿ. ೯೯ ಸೆಂಟಿಮೀಟರಿಗೆ ೬೦ ಸಲ. ನಡೆಯನ್ನು ೪೦ಕ್ಕೆ ಇಳಿಸಬೇಕಾದರೆ ದಾರವು ೨ ಮೀಟರ್ ೨೪ ಸೆಂಟಿಮೀಟರ್ ಆಗಬೇಕು. ವೇಗ ಅರ್ಧವಾಗಲು ಉದ್ದ ನಾಲ್ಕು ಪಟ್ಟು! ಈಗ ಒಂದೇ ಶ್ರುತಿಯಲ್ಲಿ, ಒಂದೇ ಹಾಡಿನ ಒಂದೇ ಸಾಲನ್ನು, ಮೊದಲು ೪೦ರ ನಡೆಗೂ ಆಮೇಲೆ ೮೦ರ ನಡೆಗೂ ಹಾಡಿ ನೋಡಿ. ಸ್ವರ ಬದಲಾಗಿಲ್ಲ, ಮೇಳ ಬದಲಾಗಿಲ್ಲ, ಹಾಡು ಬೇರೆಯಾಗಿದೆ.

ಪ್ರಯೋಗಗಳು ಹೇಳುವುದೇನು?

ಈ ಅನುಭವವನ್ನು ಮನೋವಿಜ್ಞಾನಿಗಳೂ ಪರೀಕ್ಷಿಸಿದ್ದಾರೆ. ೧೯೩೦ರ ದಶಕದಲ್ಲಿ ಅಮೆರಿಕದ ಕೇಟ್ ಹೆವ್ನರ್ ಎಂಬಾಕೆ ಪಿಯಾನೋ ಕೃತಿಗಳಲ್ಲಿ ಒಂದು ಸಲಕ್ಕೆ ಒಂದೇ ಅಂಶವನ್ನು—ವೇಗವನ್ನೋ ಸ್ಥಾಯಿಯನ್ನೋ ಮೇಳವನ್ನೋ—ಬದಲಿಸಿ, ಕೇಳಿದವರು ತಮಗೆ ತೋರಿದ ಭಾವಕ್ಕೆ ತಕ್ಕ ವಿಶೇಷಣಗಳನ್ನು ಗುರುತುಮಾಡುವಂತೆ ಏರ್ಪಡಿಸಿದಳು. ಭಾವವನ್ನು ಹೆಚ್ಚಾಗಿ ಬದಲಿಸಿದ್ದು ವೇಗ ಮತ್ತು ಮೇಳ. ಸ್ವರದ ಏರುತಗ್ಗಿನದು ಅವುಗಳ ಹಿಂದಿನ ಸ್ಥಾನ. ೧೯೯೯ರಲ್ಲಿ ಬಾಲ್ಕ್‌ವಿಲ್ ಮತ್ತು ಥಾಮ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಹಿಂದೂಸ್ಥಾನೀ ರಾಗಗಳ ಪರಿಚಯವೇ ಇಲ್ಲದ ಕೆನಡಾದ ಕೇಳುಗರಿಗೆ ಆ ರಾಗಗಳನ್ನು ಕೇಳಿಸಿದರು. ಸಂತೋಷ, ದುಃಖ, ಕೋಪಗಳನ್ನು ಅವರು ಬಹುಮಟ್ಟಿಗೆ ಸರಿಯಾಗಿ ಗುರುತಿಸಿದರು. ಶಾಂತವನ್ನು ಅಷ್ಟಾಗಿ ಗುರುತಿಸಲಾರದೆ ಹೋದರು. ಸಂಸ್ಕಾರವಿಲ್ಲದವರಿಗೂ ದಾರಿ ತೋರಿದ ಗುರುತುಗಳಲ್ಲಿ ನಡೆಯ ವೇಗವು ಮುಖ್ಯವಾದದ್ದು.

ಇದು ಆಶ್ಚರ್ಯವಲ್ಲ. ಷಡ್ಜ ಎಲ್ಲಿದೆ ಎಂಬುದನ್ನು ಕಿವಿ ಕಲಿತು ತಿಳಿಯಬೇಕು. ನಡೆಯನ್ನು ಶರೀರ ಕಲಿಯದೆ ಬಲ್ಲದು. ದುಃಖದಲ್ಲಿ ಹೆಜ್ಜೆ ಭಾರವಾಗುತ್ತದೆ, ಮಾತು ನಿಧಾನವಾಗುತ್ತದೆ. ಉತ್ಸಾಹದಲ್ಲಿ ಎರಡೂ ಚುರುಕಾಗುತ್ತವೆ. ಹಾಡಿನ ನಡೆಯನ್ನು ನಾವು ನಮ್ಮ ನಡಿಗೆಯ, ಮಾತಿನ, ನಾಡಿಯ ಪಕ್ಕದಲ್ಲಿಟ್ಟು ತೂಗುತ್ತೇವೆ. ಶಾರ್ಙ್ಗದೇವನು ನಾಲಗೆಯನ್ನೂ ಕ್ವಾಂಟ್ಸನು ನಾಡಿಯನ್ನೂ ಅಳತೆಗೋಲಾಗಿ ಹಿಡಿದದ್ದು ಗಡಿಯಾರವಿಲ್ಲದ ಬಡತನದಿಂದ ಮಾತ್ರವೇ ಅಲ್ಲವೇನೋ.

ಅಳಿದದ್ದು ಮತ್ತು ಉಳಿಸಬಹುದಾದದ್ದು

ಈಗ ಒಂದು ವಿಚಿತ್ರವನ್ನು ಗಮನಿಸಿರಿ. ಭಾವವನ್ನು ಎಲ್ಲಕ್ಕಿಂತ ಹೆಚ್ಚಾಗಿ ಆಳುವ ಅಂಶವೇ ಕಾಗದದ ಮೇಲೆ ಎಲ್ಲಕ್ಕಿಂತ ಕಡಿಮೆ ಉಳಿಯುತ್ತದೆ. ವಿಯೋಲ ದ ಗಾಂಬದ ಕಥೆ ಇದಕ್ಕೆ ಸಾಕ್ಷಿ. ಅದರ ಕೊನೆಯ ದೊಡ್ಡ ವಾದಕನಾದ ಆಬೆಲ್ ೧೭೮೭ರಲ್ಲಿ ಲಂಡನಿನಲ್ಲಿ ತೀರಿಕೊಂಡ ಮೇಲೆ ಸುಮಾರು ನೂರು ವರ್ಷ ಆ ವಾದ್ಯ ಮೂಲೆ ಸೇರಿತು. ೧೯ನೆಯ ಶತಮಾನದ ಕೊನೆಯಲ್ಲಿ ಡೋಲ್ಮೆಚ್ ಮೊದಲಾದವರು ಅದನ್ನು ಮತ್ತೆ ಕೈಗೆತ್ತಿಕೊಂಡಾಗ ಸಂಪುಟಗಳಿದ್ದುವು, ಸ್ವರಗಳಿದ್ದುವು; ನಡೆಯನ್ನು ಕಲಿಸಬಲ್ಲ ಕೈ ಇರಲಿಲ್ಲ. ಮಾರೆಯ ಶೋಕಕೃತಿಯನ್ನು ಇಂದಿನ ವಾದಕರು ಒಬ್ಬೊಬ್ಬರು ಒಂದೊಂದು ವಿಳಂಬದಲ್ಲಿ ನುಡಿಸುತ್ತಾರೆ. ಚೌಡಯ್ಯನವರ ಬಾಣಿಯಾದರೋ ಶಿಷ್ಯರ ಕೈಗಳಲ್ಲಿ ಮುಂದುವರಿಯಿತು. ಅವರ ವಾದನದ ಧ್ವನಿಮುದ್ರಣಗಳೂ ಉಳಿದಿವೆ.

ಧ್ವನಿಮುದ್ರಣವನ್ನೂ ಕುರುಡಾಗಿ ನಂಬಬಾರದು. ಹಳೆಯ ಹತ್ತಂಗುಲದ ಗ್ರಾಮಾಫೋನ್ ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದದ್ದು ಮೂರು ನಿಮಿಷಗಳಷ್ಟು ಸಂಗೀತ. ಗಂಟೆಯ ರಾಗವಿಸ್ತಾರ ಅದರಲ್ಲಿ ಅಡಗಬೇಕಾಗಿತ್ತು. ಮೊದಮೊದಲಿನ ತಟ್ಟೆಗಳೆಲ್ಲ ಒಂದೇ ವೇಗದಲ್ಲಿಯೂ ತಿರುಗುತ್ತಿರಲಿಲ್ಲ. ತಟ್ಟೆ ನೂರಕ್ಕೆ ಆರರಷ್ಟು ವೇಗವಾಗಿ ತಿರುಗಿದರೆ ನಡೆ ಅಷ್ಟೇ ಚುರುಕಾಗುವುದಲ್ಲದೆ ಶ್ರುತಿಯೂ ಅರ್ಧಸ್ವರದಷ್ಟು ಏರುತ್ತದೆ. ಹಾಡಿದವರ ಶ್ರುತಿ ತಿಳಿದಿದ್ದರೆ ಅದರಿಂದ ತಟ್ಟೆಯ ನಿಜವಾದ ವೇಗವನ್ನು ಲೆಕ್ಕಹಾಕಬಹುದು, ಕಳೆದುಹೋದ ನಡೆಯನ್ನು ಮರಳಿ ಪಡೆಯಬಹುದು. ಶ್ರುತಿಯೊಂದು ಚಿಕ್ಕ ಟಿಪ್ಪಣಿಯಾಗಿ ಉಳಿದಿದ್ದರೂ ಸಾಕು, ಕಾಲವು ಉಳಿಯುತ್ತದೆ.

ಮೊದಲು ಹೇಳಿದ ಮೂರನೆಯ ಧ್ವನಿಗೆ ಹಿಂದಿರುಗೋಣ. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಸುಮ್ಮನಾಯಿತು. ಪದಗಳ ಸಾಹಿತ್ಯವನ್ನು ಹಲವರು ಶ್ರದ್ಧೆಯಿಂದ ಕೂಡಿಸಿ ಅಚ್ಚುಮಾಡಿಸಿದ್ದಾರೆ. ಆದರೆ ಆ ಪದಗಳ ತಾಳವನ್ನು ಹಾಕುತ್ತಿದ್ದದ್ದು ಕಲ್ಲಿನ ತೂಕ, ರಾಗಿಯ ಕಾಳು, ಬೀಸುವವಳ ತೋಳು. ಕಲ್ಲು ನಿಂತಾಗ ಗಡಿಯಾರವೇ ನಿಂತಂತಾಯಿತು. ಪುಸ್ತಕದಿಂದ ಆ ಪದವನ್ನು ಎತ್ತಿಕೊಂಡು ವೇದಿಕೆಯ ಮೇಲೆ ಹಾಡುವವರು ಅದನ್ನು ಇಮ್ಮಡಿ ವೇಗದಲ್ಲಿ ಹಾಡಿದರೆ ತಪ್ಪೆನ್ನಲು ಸಾಕ್ಷಿ ಎಲ್ಲಿದೆ? ಸಾಕ್ಷಿ ಇರುವುದು ಇನ್ನೂ ಬದುಕಿರುವ ಹಿರಿಯರ ತೋಳುಗಳ ನೆನಪಿನಲ್ಲಿ.

ಪಿರಿಯಾಪಟ್ಟಣ, ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ವಿದ್ಯಾರ್ಥಿಗಳಿಗೂ, ಇತರ ಊರುಗಳವರಿಗೂ ಇಲ್ಲಿ ಒಂದು ಕೆಲಸವುಂಟು. ಮನೆಯ ಅಜ್ಜಿಗೆ ಬೀಸುವ ಪದವೋ ನಾಟಿಯ ಪದವೋ ಸೋಬಾನೆಯೋ ಬರುವುದಾದರೆ ಹಾಡಿಸಿ. ಸಾಧ್ಯವಾದರೆ ಮೂಲೆಯಲ್ಲಿರುವ ಕಲ್ಲನ್ನು ಇಳಿಸಿ, ಬೀಸುತ್ತಲೇ ಹಾಡಿಸಿ. ಕೈಗಡಿಯಾರವನ್ನು ನೋಡಿ ನಿಮಿಷಕ್ಕೆ ಕಲ್ಲು ಎಷ್ಟು ಸುತ್ತು ತಿರುಗಿತೆಂದು ಎಣಿಸಿ. ಹಾರ್ಮೋನಿಯಮ್ಮಿನ ಯಾವ ಮನೆಗೆ ಅವರ ಷಡ್ಜ ಕೂಡುತ್ತದೆಂದು ನೋಡಿ. ಪದದ ಸಾಹಿತ್ಯದ ಕೆಳಗೆ ಒಂದೇ ಸಾಲು ಬರೆದಿಡಿ: ಇಂಥ ಶ್ರುತಿ, ನಿಮಿಷಕ್ಕೆ ಇಷ್ಟು ಸುತ್ತು. ಮಾರೆಯು ಬರೆಯದೆ ಹೋದದ್ದು ಆ ಒಂದು ಸಾಲನ್ನೇ.